‘ಝೀರೋ ಕಮಿಷನ್’ ಬೋರ್ಡ್ ನೋಡಿ ಡಾಲರ್ ಕೊಡಬೇಡಿ

ರಜೆಗೆ ಊರಿಗೆ ಬರುವವರು, ಜೊತೆಗೆ ವಿದೇಶಿ ಗೆಳೆಯರನ್ನು ಕರೆದುಕೊಂಡು ಬರುವವರು ದಯವಿಟ್ಟು ಇದನ್ನು ಓದಿ. 2024ರಲ್ಲಿ ವಿಮಾನ ನಿಲ್ದಾಣದ ಹಣ ಬದಲಿಸುವ ಕೌಂಟರಿನಲ್ಲಿ ನಮಗೆ ಆದದ್ದು. ಯಾವ ವಿಮಾನ ನಿಲ್ದಾಣ, ಯಾರ ಕೌಂಟರ್ ಅಂತ ಬರೆಯುವುದಿಲ್ಲ. ಹೆಸರು ಹೇಳಿದರೆ ಅದೊಂದನ್ನು ಬಿಟ್ಟು ಪಕ್ಕದ ಕೌಂಟರಿಗೆ ಹೋಗುತ್ತೀರಿ, ಅಷ್ಟೇ.

ನಾವು ಇಳಿದಾಗ ರಾತ್ರಿ ಎರಡು ದಾಟಿತ್ತು. ಜೊತೆಯಲ್ಲಿ ನನ್ನ ಆಫೀಸಿನ ಗೆಳತಿ ಇದ್ದಳು. ಅಮೆರಿಕದವಳು, ಭಾರತಕ್ಕೆ ಬಂದಿದ್ದು ಅದೇ ಮೊದಲು. ಅವಳ ಹತ್ತಿರ ಒಂದು ರೂಪಾಯಿಯೂ ಇರಲಿಲ್ಲ. ಅಲ್ಲಿನ ಬ್ಯಾಂಕಿನಲ್ಲಿ ರೂಪಾಯಿ ಸಿಗುವುದೇ ಕಷ್ಟ, ಸಿಕ್ಕರೂ ದರ ಚೆನ್ನಾಗಿರುವುದಿಲ್ಲ. ಹಾಗಾಗಿ ಬಹಳ ಜನ ಇಳಿದ ಮೇಲೇ ಬದಲಿಸುತ್ತಾರೆ. ಇದು ಕೌಂಟರಿನವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಲಗೇಜ್ ಬರುವ ಜಾಗದ ಪಕ್ಕದಲ್ಲೇ ಕೌಂಟರ್. ‘ಝೀರೋ ಕಮಿಷನ್’ ಅಂತ ದೊಡ್ಡ ಅಕ್ಷರದ ಬೋರ್ಡ್. ದರದ ಪಟ್ಟಿ ಮಾತ್ರ ಮೂಲೆಯಲ್ಲಿ, ಚಿಕ್ಕದಾಗಿ. ಆ ದಿನ ಮಾರುಕಟ್ಟೆಯಲ್ಲಿ ಡಾಲರಿಗೆ 83 ರೂಪಾಯಿ ಆಸುಪಾಸು ಇತ್ತು. ಇವರು ಕೊಳ್ಳುವ ದರ 76.

ಗೆಳತಿ 200 ಡಾಲರ್ ತೆಗೆದಳು. ಅಷ್ಟು ಕಡಿಮೆ ಕೊಟ್ಟರೆ ನಿಮಗೇ ನಷ್ಟ ಅಂತ ಒಳಗಿದ್ದವನು ಶುರು ಮಾಡಿದ. ಹೊರಗೆ ಎಟಿಎಂ ಕೆಟ್ಟಿದೆ, 500 ಕೊಡಿ, ವಾಪಸ್ ಹೋಗುವಾಗ ಉಳಿದ ರೂಪಾಯಿಯನ್ನು ಇದೇ ದರಕ್ಕೆ ತೆಗೆದುಕೊಳ್ಳುತ್ತೇವೆ, ಗ್ಯಾರಂಟಿ ಅಂದ. ನಾನು ಬ್ಯಾಗುಗಳನ್ನು ಎಳೆದುಕೊಂಡು ಅಲ್ಲಿಗೆ ಬರುವಷ್ಟರಲ್ಲಿ ಡಾಲರ್ ಅವನ ಡ್ರಾಯರಿನಲ್ಲಿತ್ತು.

500 ಡಾಲರಿಗೆ 38,000 ಬರಬೇಕಲ್ವಾ? ಎಣಿಸಿದರೆ 37,100. ಕೇಳಿದ್ದಕ್ಕೆ, 400 ರೂಪಾಯಿ ಸರ್ವಿಸ್ ಚಾರ್ಜ್, 500 ರೂಪಾಯಿ ಟ್ಯಾಕ್ಸ್ ಅಂದ. ಮತ್ತೆ ಝೀರೋ ಕಮಿಷನ್? ‘ಅದು ಕಮಿಷನ್ ಅಲ್ಲ, ಸರ್ವಿಸ್ ಚಾರ್ಜ್’ ಅಂತೆ! ಮುಖದಲ್ಲಿ ಒಂದಿಷ್ಟೂ ನಗು ಇಲ್ಲ.

ಆ ಟ್ಯಾಕ್ಸ್ ಲೆಕ್ಕವನ್ನು ಸ್ವಲ್ಪ ನೋಡಿ. ಕರೆನ್ಸಿ ಬದಲಿಸಿದರೆ ಜಿಎಸ್‌ಟಿ ಇದೆ, ಸುಳ್ಳಲ್ಲ. ಆದರೆ ಅದು ಪೂರ್ತಿ ಹಣದ ಮೇಲೆ ಬೀಳುವುದಿಲ್ಲ. ಒಂದು ಲಕ್ಷ ರೂಪಾಯಿವರೆಗೆ, ಬದಲಿಸಿದ ಮೊತ್ತದ 1 ಶೇಕಡಾವನ್ನು, ಕಡಿಮೆ ಅಂದರೂ 250 ರೂಪಾಯಿಯನ್ನು, ಸೇವೆಯ ಬೆಲೆ ಅಂತ ಹಿಡಿಯುತ್ತಾರೆ. ಅದರ ಮೇಲೆ ಮಾತ್ರ 18 ಶೇಕಡಾ ತೆರಿಗೆ. 38,000ಕ್ಕೆ 1 ಶೇಕಡಾ ಅಂದರೆ 380. ಅದರ ಮೇಲಿನ ತೆರಿಗೆ 68 ರೂಪಾಯಿ ಚಿಲ್ಲರೆ. ಸರ್ವಿಸ್ ಚಾರ್ಜ್ ಮೇಲಿನ ತೆರಿಗೆಯನ್ನು ಸೇರಿಸಿದರೂ 150 ದಾಟುವುದಿಲ್ಲ. 500 ಎಲ್ಲಿಂದ ಬಂತು ಅಂತ ಕೇಳಿದೆ. ಸಿಸ್ಟಂ ಹಾಗೆ ತೋರಿಸುತ್ತಿದೆ ಅಂದ. ಡಾಲರ್ ವಾಪಸ್ ಕೊಡಿ ಅಂದರೆ, ಎಂಟ್ರಿ ಆಗಿಹೋಯಿತು, ವಾಪಸ್ ಬೇಕಾದರೆ ಮಾರುವ ದರದಲ್ಲಿ ಕೊಳ್ಳಬೇಕು ಅಂದ.

ಟ್ಯಾಕ್ಸ್ ಜಗಳದಲ್ಲಿ ದೊಡ್ಡ ನಷ್ಟ ಮರೆತುಹೋಗುತ್ತದೆ. 500 ಡಾಲರಿಗೆ ಆವತ್ತಿನ ಬೆಲೆ 41,500. ಕೈಗೆ ಬಂದದ್ದು 37,100. ಹೋದ 4,400ರಲ್ಲಿ ಚಾರ್ಜು, ಟ್ಯಾಕ್ಸು ಸೇರಿ 900 ಮಾತ್ರ. ಉಳಿದ 3,500 ಹೋದದ್ದು ದರದಲ್ಲೇ. ಕಮಿಷನ್ ಎಷ್ಟು ಅಂತ ಕೇಳಿ ಪ್ರಯೋಜನ ಇಲ್ಲ. ಇಷ್ಟು ಡಾಲರ್ ಕೊಟ್ಟರೆ ಎಲ್ಲ ಕಳೆದು ಕೈಗೆ ಎಷ್ಟು ರೂಪಾಯಿ ಕೊಡುತ್ತೀರಿ ಅಂತ ಕೇಳಿ. ಅದನ್ನು ಡಾಲರಿನಿಂದ ಭಾಗಿಸಿ. ನಮ್ಮದು 74.20 ಆಯಿತು. ಈ ಲೆಕ್ಕ ಮುಗಿಯುವವರೆಗೆ ನೋಟು ಗಾಜಿನ ಒಳಗೆ ಹೋಗಬಾರದು.

ರಸೀದಿ ಕೇಳಿದರೆ ಪ್ರಿಂಟರ್ ಕೆಟ್ಟಿದೆ ಅಂತ ಒಂದು ಚೀಟಿಯಲ್ಲಿ ಬರೆದುಕೊಟ್ಟ. ಅದರ ಬೆಲೆ ಗೊತ್ತಾಗಿದ್ದು ಅವಳು ವಾಪಸ್ ಹೊರಟಾಗ. ಉಳಿದ ರೂಪಾಯಿ ಬದಲಿಸಲು ಎನ್‌ಕ್ಯಾಷ್‌ಮೆಂಟ್ ಸರ್ಟಿಫಿಕೇಟ್ ಕೇಳಿದರು. ಡಾಲರ್ ಕೊಟ್ಟು ರೂಪಾಯಿ ಪಡೆದಾಗ ಕೊಡುವ ಪತ್ರ ಅದು. ಚೀಟಿ ತೋರಿಸಿದರೆ, ಇದು ನಡೆಯುವುದಿಲ್ಲ, ಆ ಗ್ಯಾರಂಟಿ ನಿಮಗಿಲ್ಲ ಅಂದರು. ಯಾರಾದರೂ ಪ್ರಿಂಟರ್ ಕಥೆ ಹೇಳಿದರೆ ಡಾಲರನ್ನು ಜೇಬಿಗೆ ಹಾಕಿಕೊಂಡು ಹೊರಡಿ.

ಇನ್ನೊಂದು ಮಾತು. ಕೊಟ್ಟ 500ರ ನೋಟುಗಳ ಮಧ್ಯೆ ಟೇಪ್ ಅಂಟಿಸಿದ ನೋಟುಗಳಿದ್ದವು. ಟ್ಯಾಕ್ಸಿಯವರು ಮುಟ್ಟಲಿಲ್ಲ. ಇಂಥ ನೋಟು ಸಿಕ್ಕರೆ ಗಾಬರಿ ಬೇಡ, ಬ್ಯಾಂಕ್ ಶಾಖೆಯಲ್ಲಿ ಬದಲಿಸಿಕೊಡುತ್ತಾರೆ. 50 ರೂಪಾಯಿ ಮತ್ತು ಮೇಲಿನ ನೋಟಿನಲ್ಲಿ 80 ಶೇಕಡಾಕ್ಕಿಂತ ಜಾಸ್ತಿ ಭಾಗ ಉಳಿದಿದ್ದರೆ ಪೂರ್ತಿ ಬೆಲೆ, 40ರಿಂದ 80ರ ನಡುವೆ ಇದ್ದರೆ ಅರ್ಧ. ಆದರೂ ರಜೆಯಲ್ಲಿ ಬಂದು ಬ್ಯಾಂಕಿನ ಕ್ಯೂನಲ್ಲಿ ಯಾರು ನಿಲ್ಲುತ್ತಾರೆ? ಕೌಂಟರ್ ಮುಂದೆಯೇ ಒಂದೊಂದಾಗಿ ಎಣಿಸಿ. ಹಿಂದಿನವರು ಗೊಣಗಿದರೆ ಗೊಣಗಲಿ.

ಅಂದ ಹಾಗೆ, ಎಟಿಎಂ ಕೆಟ್ಟಿರಲಿಲ್ಲ. ಬಾಗಿಲು ದಾಟಿದರೆ ಅಲ್ಲೇ ಇತ್ತು. ಆದರೆ ಅಲ್ಲೂ ಒಂದು ಬಲೆ ಇದೆ. ವಿದೇಶಿ ಕಾರ್ಡ್ ಹಾಕಿ 10,000 ಒತ್ತಿದೆ. ಬಹಳ ಮಷೀನುಗಳಲ್ಲಿ ಒಂದು ಸಲಕ್ಕೆ ಅಷ್ಟೇ ಬರುತ್ತದೆ. ‘ನಿಮ್ಮ ಖಾತೆಯಿಂದ 128 ಡಾಲರ್ ಕಡಿತ, ಒಪ್ಪಿಗೆಯೇ?’ ಅಂತ ಇಂಗ್ಲಿಷಿನಲ್ಲಿ ಬಂತು. ನೋಡಿದವರಿಗೆ ಒಪ್ಪದಿದ್ದರೆ ಹಣ ಬರುವುದಿಲ್ಲ ಅನಿಸಬೇಕು, ಹಾಗೆ ಬರೆದಿರುತ್ತಾರೆ. ಕನ್ವರ್ಷನ್, ಅಂದರೆ ಮಷೀನಿನವರೇ ತಮ್ಮ ದರದಲ್ಲಿ ಡಾಲರಿಗೆ ಲೆಕ್ಕ ಹಾಕುವುದು, ಬೇಡ ಅನ್ನುವ ಗುಂಡಿ ಒತ್ತಿ. ಹಣ ಬರುತ್ತದೆ, ಲೆಕ್ಕ ಕಾರ್ಡ್ ಕಂಪನಿಯ ದರದಲ್ಲಿ ಆಗುತ್ತದೆ. ನನಗೆ 121 ಡಾಲರಿನಲ್ಲಿ ಮುಗಿಯಿತು. ಇದರ ಮೇಲೆ ಮಷೀನಿನವರ ಶುಲ್ಕ, ನಿಮ್ಮ ಬ್ಯಾಂಕಿನ ವಿದೇಶಿ ವ್ಯವಹಾರದ ಶುಲ್ಕ ಇರಬಹುದು, ಹೊರಡುವ ಮುಂಚೆಯೇ ವಿಚಾರಿಸಿಕೊಳ್ಳಿ. ಅಂಗಡಿ, ಹೋಟೆಲಿನ ಕಾರ್ಡ್ ಮಷೀನಿನಲ್ಲೂ ಡಾಲರಾ ರೂಪಾಯಿಯಾ ಅಂತ ಕೇಳಿದರೆ ರೂಪಾಯಿ ಅನ್ನಿ.

ಹೊರಗೆ ‘ಒಳ್ಳೆ ರೇಟ್ ಕೊಡ್ತೀನಿ’ ಅಂತ ಹತ್ತಿರ ಬರುವವರ ಜೊತೆ ಮಾತೇ ಬೇಡ. ಆರ್‌ಬಿಐ ಪರವಾನಗಿ ಇಲ್ಲದವರ ಹತ್ತಿರ ಬದಲಿಸುವುದು ಕಾನೂನುಬಾಹಿರ, ನಕಲಿ ನೋಟಿನ ಭಯ ಬೇರೆ.

ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆ (ವಿದೇಶದಲ್ಲಿರುವ ಭಾರತೀಯರು ಇಲ್ಲಿನ ಬ್ಯಾಂಕಿನಲ್ಲಿ ಇಡುವ ರೂಪಾಯಿ ಖಾತೆ) ಇರುವವರಿಗೆ ಇಷ್ಟು ತಲೆನೋವಿಲ್ಲ. ಅಮೆರಿಕ, ಬ್ರಿಟನ್, ಸಿಂಗಪುರ, ಯುಎಇಯಂಥ ಕೆಲವು ದೇಶಗಳ ಮೊಬೈಲ್ ನಂಬರಿನಿಂದಲೇ ಯುಪಿಐ ಜೋಡಿಸಿಕೊಳ್ಳಬಹುದು. ಎಳನೀರಿನವರಿಗೂ ಅದರಲ್ಲೇ ಕೊಡಬಹುದು.

ಇನ್ನು ವಾಪಸ್ ಹೋಗುವಾಗ. ಎಲ್ಲ ರೂಪಾಯಿಯನ್ನೂ ಆ ಕೌಂಟರಿಗೆ ಸುರಿಯಬೇಕಿಲ್ಲ. ಪಾಕಿಸ್ತಾನ, ಬಾಂಗ್ಲಾದೇಶದ ಪ್ರಜೆಗಳನ್ನು ಬಿಟ್ಟು ಉಳಿದವರು ವಿಮಾನದಲ್ಲಿ 25,000 ರೂಪಾಯಿವರೆಗೆ ತೆಗೆದುಕೊಂಡು ಹೋಗಬಹುದು, ತರಲೂಬಹುದು. ಮತ್ತೆ ಬರುವ ಯೋಚನೆ ಇದ್ದರೆ ಟ್ಯಾಕ್ಸಿಗೆ, ಊಟಕ್ಕೆ ಆಗುವಷ್ಟು ಇಟ್ಟುಕೊಳ್ಳಿ. 2,000ದ ನೋಟು ಬೇಡ, 2023ರಲ್ಲೇ ಚಲಾವಣೆಯಿಂದ ಹಿಂದಕ್ಕೆ ಪಡೆದಿದ್ದಾರೆ. 100, 200ರ ನೋಟುಗಳೇ ಜಾಸ್ತಿ ಇರಲಿ. ರಾತ್ರಿ ಎರಡು ಗಂಟೆಗೆ 500ಕ್ಕೆ ಚಿಲ್ಲರೆ ಯಾರೂ ಕೊಡುವುದಿಲ್ಲ.