ಒಬಿಡಿ ಸ್ಕ್ಯಾನರ್ ರಿವ್ಯೂ: ಹಳೇ ಕಾರನ್ನ ಊರಾಚೆ ಓಡಿಸೋ ಮುಂಚೆ ಇದನ್ನೊಂದ್ಸಲ ಚುಚ್ಚಿ ನೋಡಿ

ಹಳೇ ಕಾರುಗಳನ್ನ ಸಿಟಿಯಿಂದ ಬ್ಯಾನ್ ಮಾಡ್ಬೇಕಾ ಬೇಡ್ವಾ ಅನ್ನೋ ಜಗಳ ಎಲ್ಲೇ ಶುರುವಾಗ್ಲಿ, ಐದ್ ನಿಮಿಷಕ್ಕೆ ಎರಡು ಪಾರ್ಟಿ ಆಗ್ಬಿಡುತ್ತೆ. "ನನ್ ಗಾಡಿ ಇನ್ನೂ ಶೋರೂಮ್ ಕಂಡೀಷನ್ನು ಗುರೂ" ಅನ್ನೋರು ಒಂದ್ ಕಡೆ, "ನಿಮ್ ಹೊಗೆ ಕುಡಿಯೋರು ನಾವು" ಅನ್ನೋರು ಇನ್ನೊಂದ್ ಕಡೆ, ಇಬ್ಬರ ಹತ್ರಾನೂ ಒಂದೇ ಒಂದು ರೀಡಿಂಗ್ ಇರಲ್ಲ. ಈ ರಿವ್ಯೂ ಆ ರೀಡಿಂಗ್ ಕೊಡೋ ಸಾಮಾನಿನ ಬಗ್ಗೆ. ಬೆಂಕಿಪೊಟ್ಟಣದ ಸೈಜಿನ ಬ್ಲೂಟೂತ್ ಒಬಿಡಿ ಸ್ಕ್ಯಾನರ್, ಅಂದ್ರೆ ಕಾರಿನ ಕಂಪ್ಯೂಟರ್ ಹೇಳೋದನ್ನ ಓದೋ ಸಾಮಾನು, ಸ್ಟೀರಿಂಗ್ ಕೆಳಗಿರೋ 16 ಪಿನ್ನಿನ ಪೋರ್ಟಿಗೆ ಚುಚ್ಚಿ ಫೋನಲ್ಲಿ ಆಪ್ ಹಾಕ್ಕೊಂಡ್ರೆ ಮುಗೀತು. ನನ್ನ ಹತ್ರ ಇರೋದು ಇಎಲ್‌ಎಂ 327 ಅನ್ನೋ, ಕಾರಿನ ಭಾಷೇನ ಫೋನಿಗೆ ಅನುವಾದ ಮಾಡೋ ಚಿಪ್ಪಿನ ನಕಲು, ಮಾರ್ಕೆಟ್ಟಲ್ಲಿ ಸಿಗೋ ಹೆಚ್ಚಿನವು ಅದೇ, ಮೇಲಿನ ಹೆಸರು ಮಾತ್ರ ಬೇರೆ ಬೇರೆ.

ಮೊದ್ಲು ಸಾಮಾನಿನ ಬಗ್ಗೆ ಹೇಳಿ ಮುಗಿಸ್ತೀನಿ. ಪೇರಿಂಗ್ ಸ್ವಲ್ಪ ತಲೆನೋವು, ಇಗ್ನಿಷನ್ ಆನ್ ಇರ್ಬೇಕು, ಪಿನ್ ಕೇಳಿದ್ರೆ 1234 ಇಲ್ಲ 0000 ಹೊಡೀರಿ. ಐಫೋನ್ ಇರೋರು ಮಾಮೂಲಿ ಬ್ಲೂಟೂತ್ ಮಾಡೆಲ್ ತಗೋಬೇಡಿ, ಕನೆಕ್ಟೇ ಆಗಲ್ಲ, ಬಿಎಲ್‌ಇ (ಕಮ್ಮಿ ಕರೆಂಟ್ ತಿನ್ನೋ ಬ್ಲೂಟೂತ್) ಅಥವಾ ವೈಫೈದು ನೋಡಿ. ಇನ್ನೊಂದು, ಪ್ಯಾಕೆಟ್ ಮೇಲೆ ವರ್ಷನ್ 1.5 ಅಂತ ದೊಡ್ಡದಾಗಿ ಹಾಕಿರ್ತಾರೆ, ತಮಾಷೆ ಏನಂದ್ರೆ ಮೂಲ ಚಿಪ್ ಮಾಡಿದ ಕಂಪನಿ 1.5 ಅನ್ನೋ ವರ್ಷನ್ ಬಿಟ್ಟೇ ಇಲ್ಲ, ಆದ್ರೂ 2.1 ಅಂತ ಬರ್ಕೊಂಡಿರೋ ಎಷ್ಟೋ ನಕಲಿಗಿಂತ 1.5 ಅಂತ ಬರೆದಿರೋ ನಕಲಿಗಳೇ ಹಳೇ ಗಾಡಿ ಜೊತೆ ಚೆನ್ನಾಗಿ ಮಾತಾಡ್ತವೆ, ಯಾಕಂದ್ರೆ ಆ 2.1ಗಳಲ್ಲಿ ಕೆಲವು ಕಮಾಂಡುಗಳನ್ನೇ ಹಾರಿಸಿರ್ತಾರೆ. ಎಷ್ಟೋ ಹಳೇ ಕಾರಲ್ಲಿ ಕ್ಯಾನ್ ಬಸ್ ಅನ್ನೋ ಫಾಸ್ಟ್ ಡೇಟಾ ಲೈನ್ ಇರಲ್ಲ, ಕೆ-ಲೈನ್ ಅನ್ನೋ ನಿಧಾನದ್ದು ಇರುತ್ತೆ, ಡೇಟಾ ಆಮೆ ಸ್ಪೀಡಲ್ಲಿ ಬರುತ್ತೆ, ಅದು ಸ್ಕ್ಯಾನರ್ ತಪ್ಪಲ್ಲ. ಕೆಲಸ ಆದ್ಮೇಲೆ ಕಿತ್ತಿಡಿ, ಅಲ್ಲೇ ಬಿಟ್ರೆ ಬ್ಯಾಟರಿ ಕುಡಿಯುತ್ತೆ.

ಈಗ ಅಸಲಿ ವಿಷ್ಯ. ಪೆಟ್ರೋಲ್ ಕಾರಿನ ಹೊಗೆ ಕ್ಲೀನ್ ಇದೆಯಾ ಅನ್ನೋದು ಮುಕ್ಕಾಲು ಪಾಲು ಒಂದೇ ಡಬ್ಬಿ ಮೇಲೆ ನಿಂತಿದೆ, ಕ್ಯಾಟಲಿಟಿಕ್ ಕನ್ವರ್ಟರ್. ಒಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ ಇರೋ ಜೇನುಗೂಡು, ಇಂಜಿನ್ನಿಂದ ಬರೋ ಕಾರ್ಬನ್ ಮಾನಾಕ್ಸೈಡು, ಉರಿಯದ ಪೆಟ್ರೋಲು, ನೈಟ್ರೋಜನ್ ಆಕ್ಸೈಡು ಮೂರನ್ನೂ ಇದು ಮುರಿದು ಹಾಕುತ್ತೆ. ಅದಕ್ಕೆ ಎರಡು ಶರತ್ತು, ಗಾಳಿ ಪೆಟ್ರೋಲ್ ಮಿಶ್ರಣ ತೂಕದಲ್ಲಿ 14.7ಕ್ಕೆ 1ರ ಹತ್ರಾನೇ ಇರ್ಬೇಕು, ಮತ್ತೆ ಡಬ್ಬಿ ಕಾದಿರ್ಬೇಕು. ಇದರ ಮುಂದೊಂದು ಹಿಂದೊಂದು ಆಕ್ಸಿಜನ್ ಸೆನ್ಸರ್ ಇರುತ್ತೆ, ಸ್ಕ್ಯಾನರ್ ಮಜಾ ಇರೋದು ಈ ಎರಡು ಸೆನ್ಸರಲ್ಲೇ.

ಆಪಲ್ಲಿ ಎರಡನ್ನೂ ಒಂದೇ ಗ್ರಾಫಿಗೆ ಹಾಕಿ, ಗಾಡಿ ಚೆನ್ನಾಗಿ ಬಿಸಿ ಆಗೋ ತನಕ ಓಡಿಸಿ, ಆಮೇಲೆ ಯಾರನ್ನಾದ್ರೂ ಪಕ್ಕದಲ್ಲಿ ಕೂರಿಸಿ ನೋಡೋಕೆ ಹೇಳಿ. ನನ್ನ ಹಳೇ ಪೆಟ್ರೋಲ್ ಗಾಡೀಲಿ ಮುಂದಿನ ಸೆನ್ಸರ್ ಗೆರೆ 0.1 ವೋಲ್ಟಿಂದ 0.9ಕ್ಕೆ ಹಾರುತ್ತೆ, ಮತ್ತೆ ಕೆಳಗೆ ಬೀಳುತ್ತೆ, ಮತ್ತೆ ಹಾರುತ್ತೆ, ನಿಲ್ಲೋದೇ ಇಲ್ಲ, ಅದು ಹಾಗೇ ಇರ್ಬೇಕು, ಇಂಜಿನ್ ಕಂಪ್ಯೂಟರ್ ಮಿಶ್ರಣವನ್ನ ಆ ಕಡೆ ಈ ಕಡೆ ತಿದ್ದುತ್ತಾ ಇದೆ ಅಂತ ಅರ್ಥ. ಹಿಂದಿನ ಗೆರೆ 0.7ರ ಹತ್ರ ಅಲುಗಾಡದೆ ಮಲಗಿದೆ, ಅಂದ್ರೆ ಮಧ್ಯದಲ್ಲಿರೋ ಡಬ್ಬಿ ಆ ಏರಿಳಿತವನ್ನೆಲ್ಲ ನುಂಗ್ಕೊಂಡು ಕೆಲಸ ಮಾಡ್ತಿದೆ. ಇದೇ ಸ್ಕ್ಯಾನರನ್ನ ಫ್ರೆಂಡಿನ ಕಾರಿಗೆ ಹಾಕಿದ್ವಿ, ನನ್ನದಕ್ಕಿಂತ ಎಷ್ಟೋ ವರ್ಷ ಚಿಕ್ಕದು, ಸ್ಟಿಕ್ಕರು ಪಿಕ್ಕರು ಎಲ್ಲಾ ಜೋರು, ಅದ್ರಲ್ಲಿ ಹಿಂದಿನ ಗೆರೇನೂ ಮುಂದಿನ ಗೆರೆ ಜೊತೆ ತಾಳ ಹಾಕ್ತಾ ಕುಣೀತಿತ್ತು. ಡಬ್ಬಿ ಸತ್ತಿದೆ. ಚೆಕ್ ಇಂಜಿನ್ ಲೈಟ್ ಇನ್ನೂ ಬಂದಿರ್ಲಿಲ್ಲ, ಕನ್ವರ್ಟರ್ ಸರಿಯಾಗಿ ಕೆಲಸ ಮಾಡ್ತಿಲ್ಲ ಅನ್ನೋ ಪಿ0420 ಕೋಡ್ ಪೆಂಡಿಂಗ್ ಲಿಸ್ಟಲ್ಲಿ ಕೂತಿತ್ತು. ಕಾರಣ ಕೇಳಿದ್ರೆ ಒಂದು ಇಗ್ನಿಷನ್ ಕಾಯಿಲ್ ಹೋಗಿ ಗಾಡಿ ಜರ್ಕ್ ಹೊಡೀತಿದ್ರೂ "ಆಮೇಲೆ ನೋಡೋಣ" ಅಂತ ತಿಂಗಳುಗಟ್ಟಲೆ ಓಡಿಸಿದ್ದ, ಹಾಗೆ ಮಿಸ್‌ಫೈರ್ ಆದಾಗ ಉರಿಯದ ಪೆಟ್ರೋಲ್ ಸೀದಾ ಹೋಗಿ ಕನ್ವರ್ಟರ್ ಒಳಗೆ ಉರಿಯುತ್ತೆ, ಜೇನುಗೂಡು ಕರಗೇ ಹೋಗುತ್ತೆ. ಇಂಜಿನ್ ಆಯಿಲ್ ಕುಡಿಯೋ ಗಾಡಿಗಳಲ್ಲಿ ಆಯಿಲ್ಲಿನ ರಂಜಕ ಲೇಪದ ಮೇಲೆ ಕೂತು ನಿಧಾನಕ್ಕೆ ಅದೇ ಕೆಲಸ ಮಾಡುತ್ತೆ.

(ಒಂದು ಎಚ್ಚರಿಕೆ: ಎಷ್ಟೋ ಹೊಸ ಗಾಡೀಲಿ ಮುಂದೆ ವೈಡ್‌ಬ್ಯಾಂಡ್ ಸೆನ್ಸರ್ ಇರುತ್ತೆ, ಅದು ಹೀಗೆ ಹಾರಲ್ಲ. ಅದನ್ನ ನೋಡಿ ಸೆನ್ಸರ್ ಹೋಗಿದೆ ಅಂತ ಮೆಕ್ಯಾನಿಕ್ ತಲೆ ತಿನ್ಬೇಡಿ.)

ಈಗ ಹೇಳಿ, ವಯಸ್ಸು ನೋಡಿ ಬ್ಯಾನ್ ಮಾಡಿದ್ರೆ ಈ ಎರಡರಲ್ಲಿ ಯಾವುದು ಹೊರಗೆ ಹೋಗುತ್ತೆ? ನನ್ನದು. ಉಗುಳ್ತಿರೋದು ಯಾವುದು? ಫ್ರೆಂಡಿಂದು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತಾರಲ್ಲ ಅದೇ ಆಯ್ತು. ಎರಡು ಕಾರು ನೋಡಿ ಜಗತ್ತಿನ ಬಗ್ಗೆ ತೀರ್ಪು ಕೊಡ್ತಿದಾನೆ ಅಂತ ಬೈಬೇಡಿ, ಡೆನ್ವರ್ ಯೂನಿವರ್ಸಿಟಿಯ ಡೊನಾಲ್ಡ್ ಸ್ಟೆಡ್ಮನ್ ಅವ್ರ ತಂಡ ರಸ್ತೆ ಪಕ್ಕ ಇನ್‌ಫ್ರಾರೆಡ್ ಕಿರಣ ಹಾಯಿಸಿ, ಓಡ್ತಾ ಹೋಗೋ ಸಾವಿರಾರು ಕಾರುಗಳ ಹೊಗೆ ಅಳೆದಿದ್ರು, 1980ರ ದಶಕದ ಕೊನೇಲೇ ಶುರು ಮಾಡಿದ್ದು. ಅವ್ರಿಗೆ ಸಿಕ್ಕಿದ್ದು ಏನಂದ್ರೆ ಕಾರ್ಬನ್ ಮಾನಾಕ್ಸೈಡಲ್ಲಿ ಸುಮಾರು ಅರ್ಧ, ಕೇವಲ 10% ಕಾರುಗಳಿಂದ ಬರ್ತಿತ್ತು, ಮತ್ತೆ ಹೊಸ ಕಾರುಗಳ ಪೈಕಿ ತೀರಾ ಕೊಳಕಿರೋವು ಹಳೇದ್ರಲ್ಲಿ ಚೆನ್ನಾಗಿ ಇಟ್ಟಿರೋವಕ್ಕಿಂತ ಜಾಸ್ತಿ ಉಗುಳ್ತಿದ್ವು. ಸರಾಸರಿ ತಗೊಂಡ್ರೆ ವಯಸ್ಸಾದಂಗೆ ಹೊಗೆ ಜಾಸ್ತಿ ಅನ್ನೋದೂ ನಿಜಾನೇ, ಅದನ್ನ ಮುಚ್ಚಿಡಲ್ಲ, ಆದ್ರೆ ರಸ್ತೆ ಮೇಲೆ ಓಡೋದು ಸರಾಸರಿ ಕಾರಲ್ವಲ್ಲ.

ಇನ್ನೊಂದು ನೋಡ್ಬೇಕಾದ್ದು ಕೋಲ್ಡ್ ಸ್ಟಾರ್ಟ್. ಕೆಲವು ಗಾಡೀಲಿ ಕ್ಯಾಟಲಿಸ್ಟ್ ಟೆಂಪರೇಚರ್ ಅಂತ ಒಂದು ರೀಡಿಂಗ್ ಬರುತ್ತೆ, ಬೆಳಿಗ್ಗೆ ಸ್ಟಾರ್ಟ್ ಮಾಡಿ ಅದನ್ನ ನೋಡ್ತಾ ಕೂತ್ಕೊಳ್ಳಿ, ಡಬ್ಬಿ ಸುಮಾರು 250-300 ಡಿಗ್ರಿ ಮುಟ್ಟೋ ತನಕ ಸರಿಯಾಗಿ ಕೆಲಸಾನೇ ಶುರು ಮಾಡಲ್ಲ, ಅಲ್ಲೀ ತನಕ ಬಂದಿದ್ದೆಲ್ಲ ಹಸೀ ಹೊಗೆ. ಹತ್ತಿರದ ಅಂಗಡಿಗೆ ಹೋಗಿ ಬರೋಷ್ಟರಲ್ಲಿ ಟ್ರಿಪ್ಪೇ ಮುಗಿದಿರುತ್ತೆ. ಹೊಸ ಕಾರಾದ್ರೂ ಅಷ್ಟೇ, ಅದು ಬೇಗ ಬಿಸಿ ಆಗುತ್ತೆ ಅನ್ನೋದು ಬಿಟ್ರೆ.

ಈ ಸ್ಕ್ಯಾನರ್ ಹೇಳದೇ ಇರೋದೂ ಬೇಕಾದಷ್ಟಿದೆ, ಅದಕ್ಕೇ ಐದಕ್ಕೆ ಐದು ಕೊಡಲ್ಲ. ಇದು ಸೈಲೆನ್ಸರ್ ಬಾಯಿಂದ ಏನು ಬರ್ತಿದೆ ಅಂತ ಅಳೆಯಲ್ಲ, ಕಾರಿನ ಕಂಪ್ಯೂಟರ್ ಏನು ಅಂದ್ಕೊಂಡಿದೆ ಅಂತ ಹೇಳುತ್ತೆ ಅಷ್ಟೇ. ಪೆಟ್ರೋಲ್ ಗಾಡೀಲಿ ಅಷ್ಟು ಸಾಕು ಅನ್ಬಹುದು. ಡೀಸೆಲ್ಲಲ್ಲಿ ಸಾಲಲ್ಲ. ಡೀಸೆಲ್ಲಿನ ಮಸಿ ಹಿಡಿಯೋದು ಡಿಪಿಎಫ್ ಅನ್ನೋ ಫಿಲ್ಟರ್, ಕಟ್ಕೊಂಡ್ರೆ ರಿಪೇರಿ ದುಬಾರಿ ಅಂತ ಜನ ಅದನ್ನ ಕಿತ್ತೆಸೆದು, ಕಂಪ್ಯೂಟರಿಗೆ ರೀಮ್ಯಾಪ್ ಹೊಡೆಸಿ, ಅಂದ್ರೆ ಒಳಗಿನ ಪ್ರೋಗ್ರಾಂ ಬದಲಾಯಿಸಿ, "ಎಲ್ಲಾ ಸರಿ ಇದೆ" ಅಂತ ಸುಳ್ಳು ಹೇಳಿಸ್ತಾರೆ, ಸ್ಕ್ಯಾನರ್ ಪಾಪ ಅದನ್ನೇ ನಂಬುತ್ತೆ. ಮಾಮೂಲಿ ಸ್ಮೋಕ್ ಟೆಸ್ಟೂ ನಂಬುತ್ತೆ, ಹೊಗೆ ಎಷ್ಟು ಕಪ್ಪಗಿದೆ ಅಂತ ನೋಡೋ ಆ ಮೆಷಿನ್ನಿಗೆ ಅತಿ ಸಣ್ಣ ಕಣಗಳು ಕಾಣೋದೇ ಇಲ್ಲ. ಅದಕ್ಕೇ ನೆದರ್ಲೆಂಡ್ಸ್ 2023ರ ಜನವರಿಯಿಂದ, ಜರ್ಮನಿ ಅದೇ ವರ್ಷ ಜುಲೈಯಿಂದ ಡೀಸೆಲ್ ಕಾರಿನ ಟೆಸ್ಟಲ್ಲಿ ಕಣಗಳನ್ನ ಎಣಿಸೋ ಮೆಷಿನ್ ತಂದ್ರು, ಸೈಲೆನ್ಸರಿಗೆ ಪೈಪ್ ಹಾಕಿ ಸ್ವಲ್ಪ ಹೊತ್ತಲ್ಲೇ ಫಿಲ್ಟರ್ ಇದೆಯೋ ಇಲ್ವೋ, ಒಡೆದಿದೆಯೋ ಗೊತ್ತಾಗುತ್ತೆ. ನನ್ ಪ್ರಕಾರ ದುಡ್ಡು ಹಾಕ್ಬೇಕಾದ್ದು ಅಲ್ಲಿ.

ಡೀಸೆಲ್ ವಿಷ್ಯದಲ್ಲಿ ನಾನು ಬ್ಯಾನ್ ಪಾರ್ಟಿ, ಇದನ್ನ ಓದಿ ಕೆಲವರಿಗೆ ಉರಿಯಬಹುದು, ಉರೀಲಿ. ಯೂರೋ ಅಂದ್ರೆ ಯೂರೋಪಿನ ಹೊಗೆ ಸ್ಟ್ಯಾಂಡರ್ಡು, ನಂಬರ್ ಜಾಸ್ತಿ ಆದಂಗೆ ಬಿಗಿ. ಯೂರೋ 3 ಡೀಸೆಲ್ಲಿಗೆ ನೈಟ್ರೋಜನ್ ಆಕ್ಸೈಡ್ ಮಿತಿ ಕಿಲೋಮೀಟರಿಗೆ 0.50 ಗ್ರಾಂ, ಯೂರೋ 4ಕ್ಕೆ 0.25, ಯೂರೋ 5ಕ್ಕೆ 0.18, ಯೂರೋ 6ಕ್ಕೆ ಬಂದಾಗ 0.08. ಅದೇ ಯೂರೋ 4 ಪೆಟ್ರೋಲ್ ಕಾರಿನ ಮಿತಿ ಎಷ್ಟು ಗೊತ್ತಾ, 0.08. ಅಂದ್ರೆ 2005-06ರ ಹೊತ್ತಿನ ಪೆಟ್ರೋಲ್ ಗಾಡಿಗೆ ಹಾಕಿದ್ದ ಗೆರೆ ಮುಟ್ಟೋಕೆ ಡೀಸೆಲ್ಲಿಗೆ ಹತ್ತು ವರ್ಷದ ಹತ್ರ ಬೇಕಾಯ್ತು. ಲಂಡನ್ನಿನ ಯುಲೆಜ್ (ಕಮ್ಮಿ ಹೊಗೆ ವಲಯ) ರೂಲು ನೋಡಿ, 2019ರ ಏಪ್ರಿಲಲ್ಲಿ ಶುರುವಾಗಿ 2023ರ ಆಗಸ್ಟಿಗೆ ಇಡೀ ನಗರಕ್ಕೆ ಬಂತು, ಪೆಟ್ರೋಲ್ ಆದ್ರೆ ಯೂರೋ 4 ಸಾಕು, ಡೀಸೆಲ್ ಆದ್ರೆ ಯೂರೋ 6 ಬೇಕು, ಇಲ್ಲಾಂದ್ರೆ ಓಡಿಸೋ ಪ್ರತಿ ದಿನಕ್ಕೂ ದುಡ್ಡು ಕಟ್ಟು. ಅಲ್ಲಿ ಕೇಳೋದು ಯಾವ ಸ್ಟ್ಯಾಂಡರ್ಡ್ ಅಂತ, ಎಷ್ಟನೇ ಬರ್ತ್‌ಡೇ ಅಂತಲ್ಲ. ಡೆಲ್ಲೀಲಿ ಡೀಸೆಲ್ಲಿಗೆ 10 ವರ್ಷ ಪೆಟ್ರೋಲಿಗೆ 15 ವರ್ಷ ಅಂತ ಕೋರ್ಟ್ ಎಳೆದಿದ್ದ ಗೆರೆ ಬರ್ತ್‌ಡೇ ಲೆಕ್ಕದ್ದಾಗಿತ್ತು, 2025ರ ಜುಲೈ 1ರಿಂದ ಅಂಥ ಗಾಡಿಗೆ ಬಂಕಲ್ಲಿ ಎಣ್ಣೇನೇ ಹಾಕಬಾರ್ದು ಅಂತ ಶುರು ಮಾಡಿ ಒಂದು ವಾರದಷ್ಟರಲ್ಲಿ ಮುಂದಕ್ಕೆ ಹಾಕ್ಬೇಕಾಗಿ ಬಂತು. ಗ್ಯಾರೇಜಲ್ಲಿ ನಿಂತಿದ್ದ ಗಾಡಿಗೂ ದಿನಾ ನೂರಾರು ಕಿಲೋಮೀಟರ್ ಓಡೋ ಗಾಡಿಗೂ ಒಂದೇ ವಯಸ್ಸಿನ ಗೆರೆ ಹಾಕಿದ್ರೆ ಜನ ರೇಗದೆ ಇರ್ತಾರಾ.

ಸ್ಟ್ಯಾಂಡರ್ಡ್ ಸ್ಟಿಕ್ಕರನ್ನೂ ಕಣ್ಮುಚ್ಚಿ ನಂಬೋ ಹಾಗಿಲ್ಲ ಅನ್ನಿ, 2015ರ ಸೆಪ್ಟೆಂಬರಲ್ಲಿ ಫೋಕ್ಸ್‌ವ್ಯಾಗನ್ ಸಿಕ್ಕಿಬಿದ್ದಾಗ ಗೊತ್ತಾಯ್ತಲ್ಲ, ಜಗತ್ತಿನಲ್ಲಿ ಸುಮಾರು 1.1 ಕೋಟಿ ಡೀಸೆಲ್ ಗಾಡಿಗಳಲ್ಲಿ, ಟೆಸ್ಟ್ ನಡೀತಿದೆ ಅಂತ ಗುರುತಿಸಿ ಮೋಸ ಮಾಡೋ ಸಾಫ್ಟ್‌ವೇರ್ ಇತ್ತು, ಲ್ಯಾಬಲ್ಲಿ ಸಾಧು, ರೋಡಿಗೆ ಇಳಿದ್ರೆ ಕೆಲವು ಮಾಡೆಲ್ ಅಮೆರಿಕದ ಮಿತಿಯ 40 ಪಟ್ಟು ತನಕ ನೈಟ್ರೋಜನ್ ಆಕ್ಸೈಡ್ ಉಗುಳ್ತಿದ್ವು. ಶೋರೂಮಿಂದ ಹೊರಗೆ ಬಂದಾಗಲೇ ಅವು ಹಾಗಿದ್ವು.

ಇನ್ನು ಕಾರ್ಬ್ಯುರೇಟರ್ ಕಾಲದ, ಕನ್ವರ್ಟರೇ ಇಲ್ಲದ ಗಾಡಿಗಳು. ಅವಕ್ಕೆ ಒಬಿಡಿ ಪೋರ್ಟೂ ಇರಲ್ಲ, ಈ ಸ್ಕ್ಯಾನರ್ ಚುಚ್ಚೋಕೆ ಜಾಗಾನೇ ಇಲ್ಲ. ಎಷ್ಟು ಟ್ಯೂನ್ ಮಾಡಿದ್ರೂ ಅವು ಕ್ಲೀನ್ ಆಗಲ್ಲ, ದಿನಾ ಆಫೀಸಿಗೆ ಓಡಿಸ್ತೀನಿ ಅಂದ್ರೆ ನಾನಂತೂ ಸಪೋರ್ಟ್ ಮಾಡಲ್ಲ. ವರ್ಷಕ್ಕೆ ನಾಕ್ ಸಲ ಒರೆಸಿ ಹೊಳಪು ಮಾಡಿ ಹೊರಗೆ ತೆಗೀತಾರೆ ಅಂದ್ರೆ ಬಿಟ್ಬಿಡ್ಲಿ, ಲಂಡನ್ನಲ್ಲೂ 40 ವರ್ಷ ದಾಟಿದ ಹಿಸ್ಟಾರಿಕ್ ಗಾಡಿಗಳಿಗೆ ವಿನಾಯಿತಿ ಇದೆ.

ಆಪಲ್ಲಿ ಕ್ಲಿಯರ್ ಕೋಡ್ಸ್ ಅಂತ ಒಂದು ಬಟನ್ ಇದೆ, ಈ ಸಾಮಾನನ್ನ ದುರುಪಯೋಗ ಮಾಡೋರಿಗೆ ಬಲು ಇಷ್ಟ. ಒತ್ತಿದ್ರೆ ಚೆಕ್ ಇಂಜಿನ್ ಲೈಟ್ ಆರಿ ಹೋಗುತ್ತೆ, ಸೆಕೆಂಡ್ ಹ್ಯಾಂಡ್ ಮಾರೋರು ಪಾರ್ಟಿ ಬರೋ ಅರ್ಧ ಗಂಟೆ ಮುಂಚೆ ಮಾಡೋ ಕೆಲಸಾನೇ ಇದು. ಆದ್ರೆ ಹಾಗೆ ಒತ್ತಿದಾಗ ರೆಡಿನೆಸ್ ಮಾನಿಟರುಗಳೂ (ಕಾರು ತನ್ನ ಹೊಗೆ ಸಾಮಾನನ್ನ ತಾನೇ ಟೆಸ್ಟ್ ಮಾಡ್ಕೊಂಡ ಲೆಕ್ಕ) ಝೀರೋಗೆ ಹೋಗ್ತವೆ, ಕ್ಯಾಟಲಿಸ್ಟ್ ಮಾನಿಟರ್ ಎದುರಿಗೆ ಇನ್‌ಕಂಪ್ಲೀಟ್ ಅಂತ ಬರುತ್ತೆ, ಮತ್ತೆ ಕಂಪ್ಲೀಟ್ ಆಗೋಕೆ ಸಿಟಿ ಹೈವೇ ಎರಡೂ ಸೇರಿ ಒಂದಿಷ್ಟು ಓಡಿಸ್ಬೇಕು. ಹಳೇ ಗಾಡಿ ತಗೊಳ್ಳೋಕೆ ಹೋದಾಗ ಮೊದ್ಲು ಆ ಪೇಜ್ ತೆಗೀರಿ, ಎಲ್ಲಾ ಇನ್‌ಕಂಪ್ಲೀಟ್ ಇದ್ರೆ ಒಂದೋ ಬ್ಯಾಟರಿ ಈಗಷ್ಟೇ ಬಿಚ್ಚಿದಾರೆ, ಇಲ್ಲ ನಿಮಗೆ ಟೋಪಿ ರೆಡಿ ಇದೆ. ಎಮಿಷನ್ ಟೆಸ್ಟ್ ಮಾಡೋರೂ ಎಲ್ಲಾ ಕಡೆ ಈ ಪೇಜನ್ನ ಕಡ್ಡಾಯವಾಗಿ ನೋಡಿದ್ರೆ ಅರ್ಧ ಕಳ್ಳಾಟ ನಿಲ್ಲುತ್ತೆ, ಬರೀ ಐಡಲಲ್ಲಿ ನಿಲ್ಲಿಸಿ ಕಾರ್ಬನ್ ಮಾನಾಕ್ಸೈಡ್ ಅಳೆದು ಚೀಟಿ ಕೊಡೋ ಟೆಸ್ಟಲ್ಲಿ ನೈಟ್ರೋಜನ್ ಆಕ್ಸೈಡ್ ಲೆಕ್ಕಕ್ಕೇ ಬರಲ್ಲ.

ಫ್ಯುಯೆಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನ ಎಷ್ಟು ಹೆಚ್ಚು ಕಮ್ಮಿ ಮಾಡ್ತಿದೆ ಅನ್ನೋ ಲೆಕ್ಕ) ಬಗ್ಗೆ ಒಂದೇ ಮಾತು, ಲಾಂಗ್ ಟರ್ಮ್ ಟ್ರಿಮ್ ಪ್ಲಸ್ ಮೈನಸ್ 10% ಒಳಗಿದ್ರೆ ನೆಮ್ಮದಿಯಾಗಿರಿ, ಅದರಾಚೆ ಹೋಗಿ ಅಲ್ಲೇ ಕೂತಿದ್ರೆ ಎಲ್ಲೋ ಗಾಳಿ ಲೀಕ್, ಕೊಳೆ ಇಂಜೆಕ್ಟರ್ ಇಲ್ಲ ಸೆನ್ಸರ್ ಪ್ರಾಬ್ಲಂ, ಡಬ್ಬಿ ಸಾಯೋ ಮುಂಚೆ ತೋರಿಸ್ಕೊಳ್ಳಿ.

ಐದಕ್ಕೆ ನಾಲ್ಕು ಪೆಟ್ರೋಲ್ ಗಾಡಿಯವರಿಗೆ, ಎರಡು ಡೀಸೆಲ್ಲಿನವರಿಗೆ. ತಗೊಳ್ಳೋ ಮುಂಚೆ ನಿಮ್ಮ ಗಾಡೀಲಿ ಪೋರ್ಟ್ ಇದೆಯಾ ನೋಡ್ಕೊಳ್ಳಿ, ಅಮೆರಿಕದಲ್ಲಿ ಮಾರಿದ ಗಾಡಿಯಾದ್ರೆ 1996ರಿಂದ, ಯೂರೋಪಿನ ಪೆಟ್ರೋಲ್ ಆದ್ರೆ 2001ರಿಂದ ಇದ್ದೇ ಇರುತ್ತೆ, ಬೇರೆ ಕಡೆಯ ಹಳೇ ಮಾಡೆಲ್‌ಗಳಲ್ಲಿ ಪೋರ್ಟ್ ಕಂಡ್ರೂ ಒಳಗೆ ಕಂಪನಿಯದೇ ಭಾಷೆ ಇರಬಹುದು, ಆಗ ಆಪ್ ಸುಮ್ನೆ ಕನೆಕ್ಟಿಂಗ್ ಕನೆಕ್ಟಿಂಗ್ ಅಂತ ತಿರುಗ್ತಾ ಇರುತ್ತೆ. ರಿಟರ್ನ್ ಇರೋ ಕಡೆಯಿಂದಾನೇ ತಗೊಳ್ಳಿ.