ಚಾರ್ಜಿಂಗ್ ಪೋರ್ಟ್‌ಗೆ ಸೇಫ್ಟಿ ಪಿನ್ ಹಾಕುವ ಮುಂಚೆ ಇದನ್ನೊಮ್ಮೆ ಓದಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ತಪ್ಪು ಶುರುವಾಗಿದ್ದು ನನ್ನಿಂದಲೇ. ಅಂಗಡಿಯವನು ಆಮೇಲೆ ಬಂದ.

ನಾನು ದಿನಾ ತುಮಕೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವನು. ಫೋನು ಯಾವಾಗಲೂ ಪ್ಯಾಂಟ್ ಜೇಬಿನಲ್ಲೇ. ಎರಡು ವರ್ಷ ಏನೂ ತೊಂದರೆ ಇರಲಿಲ್ಲ. ಆಮೇಲೆ ಚಾರ್ಜರ್ ಸಿಕ್ಕಿಸಿದರೆ ನಿಲ್ಲದೆ ಜಾರಿ ಬೀಳೋಕೆ ಶುರುವಾಯಿತು. ವೈರನ್ನು ಒಂದು ಕಡೆ ಬಗ್ಗಿಸಿ, ಮೇಲೆ ದಪ್ಪನೆಯ ಪುಸ್ತಕ ಇಟ್ಟು, ಉಸಿರು ಬಿಗಿಹಿಡಿದು ದೂರ ಸರಿದರೆ ಮಾತ್ರ ಚಾರ್ಜ್ ಆಗುತ್ತಿತ್ತು. ನೀವೂ ಮಾಡಿರುತ್ತೀರಿ, ಅಲ್ವಾ? ವೈರೇ ಹೋಗಿದೆ ಅಂದುಕೊಂಡು ಹೊಸದು ತಂದೆ. ಅದೂ ಹಾಗೇ. ಇನ್ನೊಂದು ತಂದೆ. ಅದೂ ಜಾರಿತು.

ರೈಲಿನಲ್ಲಿ ಜೊತೆಗೆ ಬರುವ ಗೆಳೆಯ ಹೇಳಿದ, "ಒಳಗೆ ಕಸ ಕೂತಿರುತ್ತೆ ಮಾರಾಯ, ಪಿನ್ ಹಾಕಿ ಕೆದಕು." ಕಸದ ವಿಷಯ ಅವನು ಹೇಳಿದ್ದು ನೂರಕ್ಕೆ ನೂರು ಸರಿ. ಪಿನ್ನಿನ ವಿಷಯದಲ್ಲಿ ಮುಳುಗಿಸಿದ.

ಮನೆಗೆ ಬಂದು ಅಮ್ಮನ ಬಳೆಯಿಂದ ಸೇಫ್ಟಿ ಪಿನ್ ಕಿತ್ತುಕೊಂಡೆ. ಫೋನ್ ಆಫ್ ಕೂಡ ಮಾಡಲಿಲ್ಲ. ಮೊದಲ ಸಲ ಕೆದಕಿದಾಗಲೇ ಬೂದು ಬಣ್ಣದ, ಒತ್ತಿ ಒತ್ತಿ ಗಟ್ಟಿಯಾದ ಒಂದು ಚೂರು ಹೊರಗೆ ಬಂತು. ಜೇಬಿನ ನೂಲು, ಧೂಳು, ಮಧ್ಯದಲ್ಲಿ ಟಿಕೆಟ್ ಕಾಗದದ ಒಂದು ತುಣುಕು. ಎರಡು ವರ್ಷ ನಾನೇ ದಿನಾ ಚಾರ್ಜರ್ ಚುಚ್ಚಿ ಚುಚ್ಚಿ ಅದನ್ನು ಒಳಗೆ ಇಟ್ಟಿಗೆ ಹಾಗೆ ಕೂರಿಸಿದ್ದೆ. ಅಲ್ಲಿಗೇ ನಿಲ್ಲಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಒಂದು ಚೂರು ಬಂದ ಖುಷಿಗೆ ಇನ್ನೂ ಇರಬಹುದು ಅಂತ ಜೋರಾಗಿ ಕೆದಕಿದೆ. ಟಿಕ್ ಅಂತ ಒಂದು ಸಣ್ಣ ಸದ್ದು.

ಟೈಪ್ ಸಿ ಪೋರ್ಟ್ ಒಳಗೆ ಟಾರ್ಚ್ ಬಿಟ್ಟು ನೋಡಿ, ಮಧ್ಯದಲ್ಲಿ ನಾಲಿಗೆ ತರಹ ಒಂದು ತೆಳ್ಳನೆ ಪಟ್ಟಿ ಕಾಣುತ್ತದೆ. ಎಟಿಎಂ ಕಾರ್ಡಿಗಿಂತ ಒಂಚೂರು ತೆಳ್ಳಗೇ ಇರುತ್ತದೆ. ಅದರ ಮೇಲೆ 12, ಕೆಳಗೆ 12, ಒಟ್ಟು 24 ಪಿನ್ನುಗಳು, ಅರ್ಧರ್ಧ ಮಿಲಿಮೀಟರ್ ಅಂತರದಲ್ಲಿ. ಕರೆಂಟ್ ಬರುವ ಪಿನ್ನಿನ ಪಕ್ಕದಲ್ಲೇ, ಯಾವ ಚಾರ್ಜರ್ ಸಿಕ್ಕಿಸಿದ್ದಾರೆ ಅಂತ ಫೋನಿಗೆ ಗೊತ್ತುಮಾಡುವ ಪಿನ್ನು. ನನ್ನ ಸೇಫ್ಟಿ ಪಿನ್ ಆ ಪಟ್ಟಿಯ ಒಂದು ಮೂಲೆಯನ್ನು ಎಬ್ಬಿಸಿಬಿಟ್ಟಿತ್ತು. ಚಾರ್ಜರ್ ಒಂದು ಮಗ್ಗುಲಲ್ಲಿ ಹಾಕಿದರೆ ಏನೂ ಇಲ್ಲ, ತಿರುಗಿಸಿ ಹಾಕಿದರೆ ಆಮೆ ವೇಗದಲ್ಲಿ ಚಾರ್ಜ್. ಮಾರನೇ ದಿನ, ನೀರೇ ತಾಗದ ಫೋನು "ಪೋರ್ಟ್‌ನಲ್ಲಿ ತೇವಾಂಶ ಇದೆ" ಅಂತ ಎಚ್ಚರಿಕೆ ತೋರಿಸಿತು. ಅಮ್ಮ ಅಕ್ಕಿ ಡಬ್ಬಿಯಲ್ಲಿ ಹಾಕಿಡು ಅಂದರು. ಪುಣ್ಯಕ್ಕೆ ಅದೊಂದು ಮಾಡಲಿಲ್ಲ. ನಿಜವಾಗಿ ಒದ್ದೆಯಾಗಿದ್ದರೂ ಅಕ್ಕಿ ಬೇಡ, ಅದರ ಹಿಟ್ಟು ಒಳಗೆ ಹೋಗಿ ಕೂರುತ್ತದೆ.

ಸರಿ, ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಅಂಗಡಿಗೆ ಹೋದೆ. ಹುಡುಗ ಫೋನನ್ನು ಎರಡು ಸೆಕೆಂಡ್ ನೋಡಿದ. "ಸಿಸಿ ಬೋರ್ಡ್ ಹೋಗಿದೆ ಸರ್. ಅರ್ಧ ಗಂಟೆ ಬಿಟ್ಟು ಬನ್ನಿ, 650 ಆಗುತ್ತೆ." ಸಿಸಿ ಬೋರ್ಡ್ ಅಂದರೆ ಫೋನಿನ ಕೆಳತುದಿಯಲ್ಲಿರುವ ಚಿಕ್ಕ ಬೋರ್ಡು, ಚಾರ್ಜಿಂಗ್ ಜ್ಯಾಕ್ ಅದರ ಮೇಲೇ ಬೆಸುಗೆ ಹಾಕಿರುತ್ತದೆ. ಪ್ಯಾಟರ್ನ್ ಲಾಕ್ ಕೇಳಿದ, ಕೊಟ್ಟೆ. ಪಕ್ಕದ ಹೋಟೆಲಿನಲ್ಲಿ ಕಾಫಿ ಕುಡಿದು ಬಂದೆ. ಚಾರ್ಜ್ ಆಗುವ ಚಿಹ್ನೆ ತೋರಿಸಿದ, ದುಡ್ಡು ಕೊಟ್ಟು ಬಂದೆ.

ಮನೆಗೆ ಬಂದು ಅಕ್ಕನಿಗೆ ಫೋನ್ ಮಾಡಿದರೆ ಅವಳು "ಹಲೋ, ಹಲೋ, ಯಾಕೋ ಮಾತಾಡ್ತಿಲ್ಲ?" ಅಂತ ಕೂಗುತ್ತಿದ್ದಾಳೆ. ನಾನು ಮಾತಾಡುತ್ತಲೇ ಇದ್ದೇನೆ. ಮನೆಯೊಳಗೆ ಯಾವಾಗಲೂ ಪೂರ್ತಿ ಇರುತ್ತಿದ್ದ ಸಿಗ್ನಲ್ ಒಂದು ಕಡ್ಡಿಗೆ ಇಳಿದಿದೆ. ಒಂದು ಗಂಟೆಯಲ್ಲಿ ತುಂಬುತ್ತಿದ್ದ ಬ್ಯಾಟರಿಗೆ ಈಗ ಮೂರೂವರೆ ಗಂಟೆ. ಕಂಪ್ಯೂಟರಿಗೆ ಸಿಕ್ಕಿಸಿದರೆ ಫೋಟೋ ಕಾಪಿ ಮಾಡೋಣ ಅಂದರೂ ಫೋನೇ ಕಾಣಿಸುವುದಿಲ್ಲ.

ವಾಪಸ್ ಹೋದೆ. "ಅದು ಬೇರೆ ಪ್ರಾಬ್ಲಮ್ ಸರ್, ಮದರ್‌ಬೋರ್ಡ್ ನೋಡಬೇಕು, 3,500 ಆಗುತ್ತೆ." ನನ್ನ ಹಳೇ ಬೋರ್ಡ್ ಕೊಡಪ್ಪಾ ಅಂದೆ. "ಕಸಕ್ಕೆ ಹಾಕಿದೆ ಸರ್." ಗಲಾಟೆ ಮಾಡೋಣ ಅಂದುಕೊಂಡೆ, ಆದರೆ ಬಿಲ್ಲೇ ತಗೊಂಡಿರಲಿಲ್ಲವಲ್ಲ, ಯಾವ ಬಾಯಲ್ಲಿ ಮಾಡಲಿ?

ಕೊನೆಗೆ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ, ಮೆಟ್ಟಿಲ ಕೆಳಗಿನ ಒಂದು ಪುಟ್ಟ ಅಂಗಡಿಯಲ್ಲಿ, ವಯಸ್ಸಾದ ಒಬ್ಬರು ಸಿಕ್ಕಿದರು. ಅವರು ಫೋನನ್ನು ನನ್ನ ಎದುರಿಗೇ ಬಿಚ್ಚಿ ಮೈಕ್ರೋಸ್ಕೋಪ್ ಕೆಳಗಿಟ್ಟು ಪರದೆ ನನ್ನ ಕಡೆ ತಿರುಗಿಸಿದರು. ಆಂಟೆನಾದ ಕೂದಲಿನಂಥ ವೈರು, ಗುಂಡಿ ಒತ್ತಿ ಕೂರಿಸಬೇಕಾದ್ದು, ಸುಮ್ನೆ ತೂಗಾಡುತ್ತಿತ್ತು. ಸಿಗ್ನಲ್ ಹೋಗಿದ್ದು ಅದಕ್ಕೇ. ಮೈಕ್ ಕೂಡ ಆ ಚಿಕ್ಕ ಬೋರ್ಡಿನ ಮೇಲೇ ಇರುತ್ತದಂತೆ. ಅದರ ಸೂಜಿಮೊನೆಯಷ್ಟು ತೂತಿನ ಮೇಲೆ ಗೋಂದು ಹರಿದಿತ್ತು. ಬೋರ್ಡು ಡೂಪ್ಲಿಕೇಟ್. ಚಾರ್ಜಿಂಗ್ ಲೈನ್ ಬಿಟ್ಟರೆ ಡೇಟಾ ಲೈನ್ ಕೆಲಸವೇ ಮಾಡುತ್ತಿರಲಿಲ್ಲ. ಕಂಪ್ಯೂಟರಿಗೆ ಫೋನು ಕಾಣದ್ದಕ್ಕೂ ನಿಧಾನ ಚಾರ್ಜಿಗೂ ಕಾರಣ ಅದೇ, ಯಾಕಂದರೆ ನನ್ನ ಫೋನು ಫಾಸ್ಟ್ ಚಾರ್ಜರ್ ಜೊತೆ ಮಾತಾಡುವುದು ಆ ಲೈನಿನಲ್ಲೇ. "ನಿಮ್ಮ ಹಳೇ ಬೋರ್ಡ್ ಇದ್ದಿದ್ದರೆ ಬರೀ ಜ್ಯಾಕ್ ಬದಲಾಯಿಸಿ ಕೊಡುತ್ತಿದ್ದೆ ನೋಡಿ," ಅಂದರು. ಹೊಟ್ಟೆ ಉರಿಯಿತು. ಇನ್ನೊಂದು ಫೋನಿನಿಂದ ತೆಗೆದ ಒರಿಜಿನಲ್ ಬೋರ್ಡ್ ಹಾಕಿ 1,400 ತಗೊಂಡರು. ಆ 650, ಎರಡು ವೈರಿನ ದುಡ್ಡು, ಅರ್ಧ ದಿನದ ರಜೆ ಬೇರೆ.

ಆದ್ದರಿಂದ, ವೈರು ಜಾರುತ್ತಿದ್ದರೆ ಮೊದಲು ಅದು ಪೂರ್ತಿ ಒಳಗೆ ಹೋಗುತ್ತಿದೆಯಾ ನೋಡಿ. ಅದೇ ವೈರನ್ನು ಬೇರೆ ಫೋನಿಗೆ ಹಾಕಿ ಹೋಲಿಸಿ. ನಿಮ್ಮದರಲ್ಲಿ ಒಂದು ಮಿಲಿಮೀಟರ್ ಹೊರಗೇ ಉಳಿದರೆ ಬಹುತೇಕ ಕಸವೇ. ಫೋನ್ ಆಫ್ ಮಾಡಿ, ಮರದ ಟೂತ್‌ಪಿಕ್ಕನ್ನು ಬ್ಲೇಡಿನಿಂದ ಚಪ್ಪಟೆಯಾಗಿ ಕೆತ್ತಿ, ಪಟ್ಟಿಯನ್ನು ಮುಟ್ಟದೆ ಗೋಡೆ ಪಕ್ಕದಿಂದ ಮೆಲ್ಲಗೆ ಎಳೆಯಿರಿ. ಬಾಯಲ್ಲಿ ಊದಬೇಡಿ, ಎಂಜಲಿನ ತೇವ ಒಳಗೆ ಹೋಗುತ್ತದೆ. ಸೆಂಟು, ಕೊಬ್ಬರಿ ಎಣ್ಣೆ ಎಲ್ಲಾ ಹಾಕುವವರೂ ಇದ್ದಾರೆ, ಅವರ ವಿಷಯ ಮಾತಾಡುವುದಿಲ್ಲ.

ಒಂದೇ ಮಗ್ಗುಲಲ್ಲಿ ಚಾರ್ಜ್ ಆಗುತ್ತಿದೆ, ಕ್ಲೀನ್ ಮಾಡಿದರೂ ಹಾಗೇ ಇದೆ ಅಂದರೆ ಕೆದಕುವುದು ನಿಲ್ಲಿಸಿ, ಪಿನ್ನೇ ಹೋಗಿರಬಹುದು. ವೈರ್‌ಲೆಸ್ ಚಾರ್ಜಿಂಗ್ ಇರುವ ಫೋನಾದರೆ ಅದರಲ್ಲಿ ಇಟ್ಟು ನೋಡಿ. ಅಲ್ಲಿ ಸರಿಯಾಗಿ ಚಾರ್ಜ್ ಆದರೆ ಬ್ಯಾಟರಿ ಬದಲಾಯಿಸಬೇಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಅಂಗಡಿಗೆ ಕೊಡುವಾಗ ಎದುರಿಗೇ ಬಿಚ್ಚಲು ಹೇಳಿ, ಹಳೇ ಬೋರ್ಡ್ ನನಗೇ ಬೇಕು ಅಂತ ಮೊದಲೇ ಹೇಳಿ, ಬಿಲ್ ತಗೊಳ್ಳಿ. ಚಾರ್ಜಿಂಗ್ ರಿಪೇರಿಗೆ ಪ್ಯಾಟರ್ನ್ ಲಾಕ್ ಯಾಕೆ ಬೇಕು? ನಾನು ಕೇಳಲಿಲ್ಲ, ನೀವು ಕೇಳಿ. ಸೆಟ್ಟಿಂಗ್ಸ್‌ನಲ್ಲಿ ಮೇಂಟೆನೆನ್ಸ್ ಮೋಡ್ (ರಿಪೇರಿಯವರಿಗೆ ನಿಮ್ಮ ಫೋಟೋ, ಮೆಸೇಜ್ ಕಾಣದಂತೆ ಮುಚ್ಚಿಡುವ ವ್ಯವಸ್ಥೆ) ಇದ್ದರೆ ಹಾಕಿ ಕೊಡಿ. ದುಡ್ಡು ಕೊಡುವ ಮುಂಚೆ ಅಲ್ಲೇ ನಿಂತು ಒಂದು ಕಾಲ್ ಮಾಡಿ, ವೈರನ್ನು ಎರಡೂ ಮಗ್ಗುಲಲ್ಲಿ ಹಾಕಿ, ನಿಮ್ಮದೇ ಫಾಸ್ಟ್ ಚಾರ್ಜರ್ ಒಯ್ದು ಫಾಸ್ಟ್ ಅಂತ ತೋರಿಸುತ್ತಾ ನೋಡಿ. ಅಂಗಡಿಯವನು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಹೋದ ವಾರ ಅಮ್ಮನ ಫೋನೂ ಚಾರ್ಜ್ ಆಗಲ್ಲ ಅಂತ ಶುರುವಾಯಿತು. ಅವರು ಫೋನ್ ಇಡುವುದು ದೇವಸ್ಥಾನಕ್ಕೆ ಒಯ್ಯುವ ಪರ್ಸಿನಲ್ಲಿ. ಟೂತ್‌ಪಿಕ್ ಕೆತ್ತಿ ಹತ್ತು ನಿಮಿಷ ಕೂತೆ. ಕುಂಕುಮ ಮೆತ್ತಿದ ಕೆಂಪು ನೂಲಿನ ಉಂಡೆ ಬಂತು, ಪ್ಲಗ್ ಟಕ್ ಅಂತ ಕೂತಿತು. ಅಮ್ಮ ಪೂರ್ತಿ ಹೊತ್ತು ಕೈಬಳೆಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಪಕ್ಕದಲ್ಲಿ ಕೂತಿದ್ದರು.