ಎಲ್ಲಾ ಸೇರಿ ಇಷ್ಟೇ ಅಂದರೆ ನಂಬಬೇಡಿ: ಚಿಕ್ಕ ಮದುವೆ ಮಾಡಲು ಹೋಗಿ ನಾವು ಪಟ್ಟ ಪಾಡು

ತಂಗಿಯ ಮದುವೆ ಆಗಿ ಒಂದು ವರ್ಷ ಕಳೆಯಿತು. ಬರೆಯಬೇಕು ಬರೆಯಬೇಕು ಅಂದುಕೊಂಡು ಸುಮ್ನೆ ಇದ್ದೆ, ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಮೊನ್ನೆ ಪಕ್ಕದ ಮನೆಯವರು ಮಗಳ ಮದುವೆಗೆ ಮೈಸೂರಿನಲ್ಲಿ ಛತ್ರ ನೋಡುತ್ತಿದ್ದೇವೆ, ಒಬ್ಬರು ಎಲ್ಲಾ ಸೇರಿಸಿ ಪ್ಯಾಕೇಜ್ ಕೊಡುತ್ತಾರಂತೆ, ಅಡ್ವಾನ್ಸ್ ಕೊಟ್ಟುಬಿಡೋಣ ಅಂತಿದ್ದೇವೆ ಅಂದರು. ಎದೆ ಧಸಕ್ ಅಂತು. ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ.

ನಾವು ಮಂಡ್ಯದವರು, ಗಂಡಿನ ಕಡೆಯವರು ಮೈಸೂರಿನವರು. ಅಪ್ಪನದು ಎರಡೂವರೆ ಎಕರೆ ಕಬ್ಬು. ಸಾಲ ಮಾಡದೆ ಮದುವೆ ಮುಗಿಸಬೇಕು ಅಂತ ಎರಡೂ ಮನೆಯವರು ಕೂತು ಮಾತಾಡಿದೆವು. ಒಟ್ಟು 150 ಜನ ಸಾಕು ಅಂತ ಆಯ್ತು. ಬೀಗರೂಟವೂ ಬೇಡ ಅಂದೆವು. ನಮ್ಮ ಕಡೆ ಬೀಗರೂಟ ಬೇಡ ಅನ್ನೋದು ಸಣ್ಣ ಮಾತಲ್ಲ, ದೊಡ್ಡಪ್ಪ ಎರಡು ತಿಂಗಳು ನಮ್ಮ ಮನೆ ಕಡೆ ತಲೆ ಹಾಕಲಿಲ್ಲ. ಆದರೂ ಗಟ್ಟಿಯಾಗಿ ನಿಂತೆವು. ಅಷ್ಟು ಕಷ್ಟಪಟ್ಟು ಉಳಿಸಿದ ದುಡ್ಡು ಒಂದೇ ಮಧ್ಯಾಹ್ನದಲ್ಲಿ ಹೋಯಿತು ನೋಡಿ, ಅದೇ ಸಂಕಟ.

ಪ್ಯಾಕೇಜಿನವನು ಪರಿಚಯದವರ ಪರಿಚಯದವನು. ಛತ್ರ, ಸ್ಟೇಜ್ ಹೂವು, ಊಟ, ವಾದ್ಯ, ಫೋಟೋ ಎಲ್ಲಾ ಸೇರಿ 2,25,000 ಅಂದ. ನಾವು ಅದಕ್ಕೆ ಮುಂಚೆ ಬೇರೆ ಬೇರೆಯಾಗಿ ವಿಚಾರಿಸಿದ್ದಕ್ಕಿಂತ ಇದು ಕಡಿಮೆಯೇ ಇತ್ತು. ಮಂಡ್ಯದಿಂದ ದಿನಾ ಓಡಾಡೋದು ತಪ್ಪುತ್ತಲ್ಲ ಅಂತ ಒಪ್ಪಿಕೊಂಡೆವು. ಮಾತಿನ ದಿನ 75,000 ನಗದು ಕೊಟ್ಟೆವು. ಅವನು ತನ್ನ ವಿಸಿಟಿಂಗ್ ಕಾರ್ಡಿನ ಹಿಂದೆ ‘75 ಬಂದಿದೆ’ ಅಂತ ಬರೆದು ಕೊಟ್ಟ. ಸಹಿ ಇಲ್ಲ, ತಾರೀಖು ಇಲ್ಲ. ಮದುವೆಗೆ ವಾರ ಇದ್ದಾಗ ಇನ್ನೊಂದು 75,000 ಫೋನ್‌ಪೇ ಮಾಡಿದೆವು, ಅದೂ ಅವನು ಹೇಳಿದ ಬೇರೆ ಯಾರದೋ ನಂಬರಿಗೆ. ಉಳಿದ 75,000 ಮದುವೆ ದಿನ.

ಅದೇ ವಾರ ಅಮ್ಮ ಹಠ ಹಿಡಿದು ಮೈಸೂರಿನ ಮಾನಂದವಾಡಿ ರಸ್ತೆಯ ಕೆಎಸ್‌ಐಸಿ (ಸರ್ಕಾರಿ ಮೈಸೂರು ಸಿಲ್ಕ್) ಮಳಿಗೆಗೆ ಹೋಗಿ ಧಾರೆ ಸೀರೆ ತಂದಿದ್ದರು. ಆ ಸೀರೆಗೆ ಬಿಲ್ ಇದೆ, ಸೆರಗಿನಲ್ಲಿ ಅದರದ್ದೇ ನಂಬರ್ ಇದೆ. ಒಂದು ಸೀರೆಗೆ ಇಷ್ಟು ನೋಡಿ ತಂದವರು ಎರಡು ಕಾಲು ಲಕ್ಷದ ಮಾತಿಗೆ ಒಂದು ಹಾಳೆ ಕೇಳಲಿಲ್ಲ.

ಶನಿವಾರ ರಾತ್ರಿ ಆರತಕ್ಷತೆ, ಭಾನುವಾರ ಬೆಳಗ್ಗೆ ಮುಹೂರ್ತ. ಊಟ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಧಾರೆ ಆಯ್ತು. ಮಧ್ಯಾಹ್ನ ಎರಡೂವರೆಗೆ ನೆಂಟರು ತಾಂಬೂಲ ತೆಗೆದುಕೊಂಡು ಹೊರಡುತ್ತಿದ್ದರು. ಆಗ ಅಡುಗೆ ಮನೆ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದ ಅವನು ಅಪ್ಪನನ್ನು ಕರೆದು ನೋಟ್‌ಬುಕ್ ತೋರಿಸಿದ.

ಪ್ಯಾಕೇಜಿನಲ್ಲಿ ಇದ್ದದ್ದು ರಾತ್ರಿ 150 ಎಲೆ, ಮಧ್ಯಾಹ್ನ 150 ಎಲೆ ಅಷ್ಟೇ ಅಂತೆ. ಬೆಳಗಿನ ತಿಂಡಿ ಬೇರೆ. 130 ತಿಂಡಿಗೆ 90ರಂತೆ 11,700. ಊಟದ ಎಲೆ ರಾತ್ರಿ 204, ಮಧ್ಯಾಹ್ನ 226 ಆಗಿದೆ, ಅಂದರೆ 130 ಎಲೆ ಜಾಸ್ತಿ, ಎಲೆಗೆ 300ರಂತೆ 39,000. ಕರೆಂಟು 410 ಯೂನಿಟ್, ಯೂನಿಟ್ಟಿಗೆ 25ರಂತೆ 10,250. ಜನರೇಟರ್ ಮೂರು ಗಂಟೆಗೆ 7,500. ಗ್ಯಾಸ್ ನಾಲ್ಕು ಸಿಲಿಂಡರಿಗೆ 8,800. ಕ್ಲೀನಿಂಗ್ 8,000. ಪಾತ್ರೆ ಕಾಣೆಯಾಗಿದೆ ಅಂತ 3,500. ಕೊನೆಗೆ ಪ್ಯಾಕೇಜಿನ ಮೇಲೆ ಜಿಎಸ್‌ಟಿ 40,500. ಬಾಕಿ 75,000 ಸೇರಿಸಿ 2,04,250 ಈಗಲೇ ಕೊಡಿ ಅಂದ.

ಅಪ್ಪ ಏನೂ ಮಾತಾಡಲಿಲ್ಲ. ಆ ಪುಸ್ತಕ ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದರು.

150 ಜನ ಅಂದರೆ 150 ಎಲೆ ಅಲ್ಲ ಅನ್ನೋದು ನಮಗೆ ಆವತ್ತು ಗೊತ್ತಾಯಿತು. ರಾತ್ರಿ ಬಂದವರಲ್ಲಿ ಕೆಲವರು ಬೆಳಗ್ಗೆ ಬರಲ್ಲ, ಬೆಳಗ್ಗೆ ಬರುವವರು ರಾತ್ರಿ ಇರಲ್ಲ. ಅದೂ ಅಲ್ಲದೆ ವಾದ್ಯದವರು, ಫೋಟೋದವರು, ಬಸ್ ಡ್ರೈವರ್, ಹೂವಿನವರು, ಕೊನೆಗೆ ಅವನದೇ ಬಡಿಸೋ ಹುಡುಗರು ಉಂಡ ಎಲೆಯನ್ನೂ ನಮ್ಮ ಲೆಕ್ಕಕ್ಕೆ ಹಾಕಿದ್ದ. ನಾವು ವಾದ ಮಾಡೋಣ ಅಂದರೆ ನಮ್ಮ ಕಡೆಯಿಂದ ಒಬ್ಬರೂ ಎಲೆ ಎಣಿಸಿರಲಿಲ್ಲ. ಕರೆಂಟ್ ಮೀಟರ್ ಶನಿವಾರ ಎಷ್ಟಿತ್ತು ಅಂತ ನೋಡಿದವರೂ ಇಲ್ಲ.

ಚಿಕ್ಕಪ್ಪ ದಿನಸಿ ಅಂಗಡಿ ಇಟ್ಟವರು. ಅವರು ಒಂದೇ ಮಾತು ಕೇಳಿದರು, ‘ಜಿಎಸ್‌ಟಿ ಹಾಕಿ, ಬೇಡ ಅನ್ನಲ್ಲ, ನಂಬರ್ ಇರೋ ಬಿಲ್ ಕೊಡಿ.’ ಎರಡು ನಿಮಿಷದಲ್ಲಿ ಆ ಸಾಲು ಹೊಡೆದು ಹಾಕಿದ. ಇದನ್ನು ಎಲ್ಲರೂ ನೆನಪಿಟ್ಟುಕೊಳ್ಳಿ. ಛತ್ರದ ಬಾಡಿಗೆಗೆ ಶೇ. 18 ಜಿಎಸ್‌ಟಿ ಇರುವುದು ನಿಜ, ಆದರೆ ವಸೂಲಿ ಮಾಡುವವರು ನೋಂದಣಿ ಮಾಡಿಸಿರಬೇಕು, ಬಿಲ್ಲಿನ ಮೇಲೆ 15 ಅಕ್ಷರದ ಜಿಎಸ್‌ಟಿ ನಂಬರ್ ಇರಬೇಕು. ಆ ನಂಬರನ್ನು ಜಿಎಸ್‌ಟಿ ವೆಬ್‌ಸೈಟಿನಲ್ಲಿ ಹಾಕಿದರೆ ಯಾರ ಹೆಸರಿನಲ್ಲಿದೆ ಅಂತ ಬರುತ್ತದೆ. ಬರೀ ನೋಟ್‌ಬುಕ್ಕಿನಲ್ಲಿ ಬರೆದ ಜಿಎಸ್‌ಟಿಗೆ ಒಂದು ರೂಪಾಯಿ ಕೊಡಬೇಡಿ.

ಪಾತ್ರೆ ದುಡ್ಡನ್ನೂ ಬಿಟ್ಟ. ಉಳಿದಿದ್ದರಲ್ಲಿ ಒಂದು ರೂಪಾಯಿ ಇಳಿಸಲಿಲ್ಲ, 1,60,250. ನಮ್ಮ ಕೈಯಲ್ಲಿ ಇದ್ದದ್ದು 95,000. ತಂಗಿಯ ಟ್ರಂಕು, ಸೀರೆ, ಗಂಡಿನ ಕಡೆಯವರ ಬ್ಯಾಗು ಎಲ್ಲಾ ಇದ್ದ ರೂಮಿಗೆ ಅಷ್ಟು ಹೊತ್ತಿಗೆ ಬೀಗ ಬಿದ್ದಿತ್ತು. ಕೇಳಿದರೆ ಸೆಟಲ್ ಆದ ಮೇಲೆ ತೆಗೀತೀವಿ ಅಂದರು. ಹೊರಗೆ ಮಂಡ್ಯದ ಬಸ್ಸಿನಲ್ಲಿ ನೆಂಟರು ಹತ್ತಿ ಕೂತಿದ್ದಾರೆ, ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ, ಹೆಣ್ಣು ಒಪ್ಪಿಸೋ ಶಾಸ್ತ್ರ ಇನ್ನೂ ಆಗಿಲ್ಲ, ಬೀಗರಿಗೆ ಗೊತ್ತಾದರೆ ಮಾನ ಹೋಗುತ್ತದೆ ಅಂತ ಅಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ಅಳುತ್ತಿದ್ದಾರೆ.

ಊಟದ ಹಾಲಿನ ಕೊನೆಯ ಮೇಜಿನ ಮೇಲೆ ಮುಯ್ಯಿ ಕವರುಗಳನ್ನು ಸುರಿದುಕೊಂಡು ನಾನು, ಚಿಕ್ಕಪ್ಪ, ಅಪ್ಪ ಒಡೆಯಲು ಕೂತೆವು. ಮೇಜಿನ ಮೇಲೆ ಹಾಸಿದ ಪೇಪರ್ ಇನ್ನೂ ಸಾರಿನಿಂದ ಒದ್ದೆ ಇತ್ತು. 101, 201, 501. ಆ ಕವರುಗಳ ಮೂಲೆಯಲ್ಲಿ ಒಂದು ರೂಪಾಯಿ ನಾಣ್ಯ ಅಂಟಿಸಿರುತ್ತಾರಲ್ವಾ, ಅದನ್ನೂ ಅಪ್ಪ ಉಗುರಿನಿಂದ ಕಿತ್ತು ಒಂದರ ಮೇಲೊಂದು ಜೋಡಿಸುತ್ತಿದ್ದರು. ಬಿಡಪ್ಪ ಅದು ಅಂದೆ. ಕೇಳಿಸಿಕೊಳ್ಳಲಿಲ್ಲ. ಒಟ್ಟು 42,300 ಸಿಕ್ಕಿತು. ಮಿಕ್ಕ 22,950 ಚಿಕ್ಕಪ್ಪ ತಮ್ಮ ಫೋನಿನಿಂದ ಕಳಿಸಿದರು. ಆಮೇಲೆ ಬೀಗ ತೆಗೆದರು. 2,25,000 ಅಂದ ಮದುವೆ 3,10,250 ಆಯ್ತು, ಚಿಕ್ಕಪ್ಪನ ಸಾಲವೂ ಆಯ್ತು.

ದೂರು ಕೊಡಬಹುದಿತ್ತಲ್ಲ ಅಂತ ಕೇಳುವವರಿಗೆ ಹೇಳುತ್ತೇನೆ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷದವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕವೇ ಇಲ್ಲ, ಎರಡು ವರ್ಷದ ಒಳಗೆ ಹಾಕಬೇಕು. ಇದೆಲ್ಲಾ ನನಗೆ ಆಮೇಲೆ ಗೊತ್ತಾಯಿತು. ಆದರೆ ನಮ್ಮ ಕೈಯಲ್ಲಿ ಇದ್ದದ್ದು ಒಂದು ವಿಸಿಟಿಂಗ್ ಕಾರ್ಡು, ಬೇರೆಯವರ ಹೆಸರಿಗೆ ಹೋದ ಒಂದು ಫೋನ್‌ಪೇ. ಏನು ಮಾತಾಗಿತ್ತು ಅನ್ನೋದೇ ಬರಹದಲ್ಲಿ ಇಲ್ಲದ ಮೇಲೆ ಏನಂತ ಹೋಗಿ ನಿಲ್ಲೋದು? ಅಪ್ಪನೂ ಬೇಡ ಬಿಡು ಅಂದುಬಿಟ್ಟರು.

ಅದಕ್ಕೇ ಹೇಳುತ್ತಿದ್ದೇನೆ, ಒಂದು ಬಿಳಿ ಹಾಳೆಯಾದರೂ ಸರಿ, ಬರೆಸಿಕೊಳ್ಳಿ. ಯಾವ ಹೊತ್ತಿಗೆ ಎಷ್ಟು ಎಲೆ, ತಿಂಡಿ ಸೇರಿದೆಯೋ ಇಲ್ಲವೋ, ಜಾಸ್ತಿ ಆದ ಎಲೆಗೆ ಎಷ್ಟು, ಕಡಿಮೆ ಆದರೆ ವಾಪಸ್ ಎಷ್ಟು. ಈ ಕೊನೆಯದನ್ನು ಯಾರೂ ಕೇಳಲ್ಲ. ಚಿಕ್ಕ ಮದುವೆಗೆ ಇದೇ ದೊಡ್ಡ ಹೊಡೆತ, ಕೆಲವರು ಕನಿಷ್ಠ 300 ಎಲೆ ಅಂತ ಮೊದಲೇ ಇಟ್ಟಿರುತ್ತಾರೆ, ನೀವು 120 ಜನ ಕರೆದರೂ 300ಕ್ಕೇ ದುಡ್ಡು. ಕರೆಂಟು, ಜನರೇಟರ್, ಗ್ಯಾಸ್, ಕ್ಲೀನಿಂಗ್ ಒಳಗೋ ಹೊರಗೋ ಅಂತ ಒಂದೊಂದನ್ನೂ ಬಾಯಿಬಿಟ್ಟು ಕೇಳಿ. ಛತ್ರದ ಕೀ ಕೈಗೆ ಬಂದ ತಕ್ಷಣ ಮೀಟರಿನ ಫೋಟೋ ತೆಗೆಯಿರಿ. ಎಲೆ ಎಣಿಸಲು ಒಬ್ಬ ಹಿರಿಯರನ್ನು ಕೂರಿಸಿ, ಅವರಿಗೆ ಬೇರೆ ಕೆಲಸ ಹೇಳಬೇಡಿ. ಒಂದು ಪಂಕ್ತಿಗೆ ಎಷ್ಟು ಎಲೆ, ಎಷ್ಟು ಪಂಕ್ತಿ ಆಯ್ತು ಅಂತ ಬರೆದು ಆಗಿಂದಾಗಲೇ ಅಡುಗೆಯವರ ಸಹಿ ಹಾಕಿಸಲಿ. ಎಲ್ಲಾ ಮುಗಿದ ಮೇಲೆ ಕೇಳಿದರೆ ಪ್ರಯೋಜನ ಇಲ್ಲ. ದುಡ್ಡು ಯಾರ ಜೊತೆ ಮಾತಾಡಿದಿರೋ ಅವರ ಹೆಸರಿಗೇ ಹೋಗಲಿ.

ಈ ವರ್ಷ ಚಿಕ್ಕಪ್ಪನ ಮಗನ ಮದುವೆಯನ್ನು ಮಂಡ್ಯದಲ್ಲೇ ಮಾಡಿದೆವು. ಪ್ಯಾಕೇಜ್ ಇಲ್ಲ. ದೇವಸ್ಥಾನಕ್ಕೆ ಸೇರಿದ ಒಂದು ಸಣ್ಣ ಹಾಲ್, ಗುರುವಾರದ ಮುಹೂರ್ತ. ಭಾನುವಾರ ಬಿಟ್ಟರೆ ಬಾಡಿಗೆಯಲ್ಲೇ ಎಷ್ಟೋ ಉಳಿಯುತ್ತದೆ. ಹಿಂದಿನ ರಾತ್ರಿಯ ಆರತಕ್ಷತೆ ಕೈಬಿಟ್ಟೆವು, ಧಾರೆ ಆದ ಮೇಲೆ ಅಲ್ಲೇ ಕೂರಿಸಿ ಫೋಟೋ ತೆಗೆಸಿದೆವು. ಒಂದು ಊಟ, ಒಂದು ತಿಂಡಿ ಅಷ್ಟೇ. ಅಡುಗೆಯವರನ್ನು ಕೂಲಿ ಲೆಕ್ಕಕ್ಕೆ ಗೊತ್ತು ಮಾಡಿ ದಿನಸಿಯನ್ನು ನಾವೇ ಪೇಟೆ ಬೀದಿಯಿಂದ ತಂದೆವು. ಅಡುಗೆಯವರು ಬರೆದು ಕೊಟ್ಟ ಪಟ್ಟಿಯನ್ನು ಚಿಕ್ಕಪ್ಪ ಒಂದು ಸಲ ತಿದ್ದಿದರು. ನೂರು ಜನಕ್ಕೆ ಪಾಯಸ, ಹೋಳಿಗೆ, ಪಲ್ಯ ಎಲ್ಲಾ ಇರುವಾಗ ಹತ್ತು ಹನ್ನೆರಡು ಕೆಜಿ ಅಕ್ಕಿ ಸಾಕು, ಪಟ್ಟಿಯಲ್ಲಿ 25 ಇತ್ತು. ಒಡೆಯದ ಪ್ಯಾಕೆಟ್ ವಾಪಸ್ ತೆಗೆದುಕೊಳ್ಳಬೇಕು ಅಂತ ಅಂಗಡಿಯವರ ಜೊತೆ ಮೊದಲೇ ಮಾತಾಗಿತ್ತು. ಸ್ಟೋರಿನ ಕೀ ಅತ್ತೆಯ ಸೊಂಟದಲ್ಲಿ.

ಹೂವಿಗೆ ಮಾತ್ರ ಹಿಂದಿನ ದಿನ ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೋಗಿದ್ದೆವು. ಮಾರು ಲೆಕ್ಕದಲ್ಲಿ ಸೇವಂತಿಗೆ ತಂದು ನಾವೇ ಅಲಂಕಾರ ಮಾಡಿದೆವು. ಆಷಾಢದ ಹಿಂದೆ ಮುಂದೆ ಎಲ್ಲರ ಮದುವೆಯೂ ಒಟ್ಟಿಗೇ ಬರುತ್ತದೆ, ಆಗ ಹೂವಿನ ರೇಟು ಕೇಳೋ ಹಾಗಿರಲ್ಲ, ದಿನ ನೋಡುವಾಗ ಇದನ್ನೂ ಪುರೋಹಿತರಿಗೆ ಹೇಳಿ.

ಇನ್ನೂ ಸರಳವಾಗಿ ಮಾಡುವವರಿಗೆ ದಾರಿಗಳಿವೆ. ಕುವೆಂಪು ಅವರು ಹೇಳಿಕೊಟ್ಟ ಮಂತ್ರ ಮಾಂಗಲ್ಯದ ರೀತಿಯಲ್ಲಿ ಇವತ್ತಿಗೂ ನಮ್ಮ ಕಡೆ ಮದುವೆಯಾಗುವವರಿದ್ದಾರೆ. ಸುತ್ತೂರು ಜಾತ್ರೆಯಲ್ಲಿ ಸಾಮೂಹಿಕ ವಿವಾಹ ನಡೆಯುತ್ತದೆ. 1954ರ ವಿಶೇಷ ವಿವಾಹ ಕಾಯ್ದೆ ಪ್ರಕಾರ ಕಚೇರಿಯಲ್ಲೇ ಮದುವೆ ಆಗಬೇಕು ಅಂದರೆ 30 ದಿನ ಮುಂಚೆ ನೋಟಿಸ್ ಕೊಡಬೇಕು, ಮೂವರು ಸಾಕ್ಷಿ ಬೇಕು, ಅದನ್ನು ಲೆಕ್ಕ ಹಾಕಿಕೊಂಡು ದಿನ ಇಟ್ಟುಕೊಳ್ಳಿ.

ತಂಗಿ ಚೆನ್ನಾಗಿದ್ದಾಳೆ. ಬೀಗರಿಗೆ ಆವತ್ತಿನ ವಿಷಯ ಇವತ್ತಿಗೂ ಗೊತ್ತಿಲ್ಲ. ಚಿಕ್ಕಪ್ಪನ ದುಡ್ಡು ಈ ಸಲದ ಕಬ್ಬಿನಲ್ಲಿ ತೀರಿತು. ತೀರದೆ ಉಳಿದಿರೋದು ಮುಯ್ಯಿ ಲೆಕ್ಕ. ಆ ಗಡಿಬಿಡಿಯಲ್ಲಿ ಕವರು ಒಡೆದಾಗ ಯಾರದು ಎಷ್ಟು ಅಂತ ಬರೆದುಕೊಳ್ಳಲು ಆಗಲಿಲ್ಲ. ಹೋದ ವಾರ ಕೆ.ಆರ್. ಪೇಟೆ ಕಡೆಯ ನೆಂಟರೊಬ್ಬರು ಲಗ್ನಪತ್ರಿಕೆ ಕೊಟ್ಟು ಹೋದರು. ತಂಗಿಯ ಮದುವೆಗೆ ಮನೆಮಂದಿಯೆಲ್ಲಾ ಬಂದಿದ್ದವರು. ಅಮ್ಮ ಬೀರುವಿನಿಂದ ಮುಯ್ಯಿ ಪುಸ್ತಕ ತೆಗೆದು ಎರಡು ಸಲ ಹುಡುಕಿದರು, ಅವರ ಹೆಸರು ಇರಲಿಲ್ಲ.